ಓದುಗರ ಪ್ರಶ್ನೆ, ತಜ್ಞರ ಉತ್ತರ: ಕರುಳಿನ ದೋಷದೊಂದಿಗೆ ಹುಟ್ಟಿದ ಮಕ್ಕಳು ಹೈಸ್ಕೂಲಿಗೆ ಬಂದಾಗ

ಮಲದ್ವಾರವೇ ಇಲ್ಲದೆ, ಇಲ್ಲವೇ ಇರಬೇಕಾದ ಜಾಗದಲ್ಲಿ ಅದಿಲ್ಲದೆ ಹುಟ್ಟುವ ಮಕ್ಕಳು ಸುಮಾರು 5000ಕ್ಕೆ ಒಬ್ಬರು. ದೊಡ್ಡ ಕರುಳಿನ ತುದಿಯಲ್ಲಿ ನರಕೋಶಗಳೇ ಇಲ್ಲದ ಹರ್ಷ್‌ಸ್ಪ್ರಂಗ್ ಕಾಯಿಲೆಯದೂ ಹೆಚ್ಚುಕಡಿಮೆ ಅದೇ ಲೆಕ್ಕ. ಆಪರೇಷನ್ ಆಯಿತು, ಕೂಸು ಉಳಿಯಿತು ಎಂಬಲ್ಲಿಗೆ ನೆಂಟರಿಷ್ಟರ ಪಾಲಿಗೆ ಎಲ್ಲ ಮುಗಿದಂತೆ. ಮನೆಯವರಿಗೆ ಮಾತ್ರ ಮಗು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಇನ್ನೊಂದು ಸುತ್ತು ಶುರು. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆಯಿಂದ ಬಂದ ಪತ್ರಗಳಲ್ಲಿ ಕೆಲವನ್ನು ಹೆಸರಿಲ್ಲದೆ ಇಲ್ಲಿ ಕೊಟ್ಟಿದ್ದೇವೆ. ಮಕ್ಕಳ ಶಸ್ತ್ರಚಿಕಿತ್ಸಾ ತಜ್ಞರು, ಕರುಳಿನ ಆರೈಕೆ ಕಲಿಸುವ ನರ್ಸ್ ಮತ್ತು ಆಪ್ತಸಲಹೆಗಾರರು ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ಮಗನಿಗೆ 13 ವರ್ಷ, ಎಂಟನೇ ಕ್ಲಾಸು. ಹುಟ್ಟಿದಾಗ ಮಲದ್ವಾರ ಇರಲಿಲ್ಲ. ಎರಡನೇ ದಿನವೇ ಹೊಟ್ಟೆಯ ಮೇಲೆ ದಾರಿ ಮಾಡಿ ಚೀಲ ಹಾಕಿದರು. ಆಮೇಲೆ ಕೆಳಗೆ ದಾರಿ ಮಾಡಿ, ವರ್ಷ ತುಂಬುವುದರೊಳಗೆ ಮೇಲಿನದನ್ನು ಮುಚ್ಚಿದರು. ಈಗ ದಿನಾ ಚಡ್ಡಿಯಲ್ಲಿ ಕಲೆ. ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪವೇ ಹೋಗುತ್ತಾನೆ. ಕೇಳಿದರೆ ‘ಗೊತ್ತೇ ಆಗಲಿಲ್ಲ’ ಅನ್ನುತ್ತಾನೆ. ಮೊನ್ನೆ ಅಟ್ಟದಲ್ಲಿ ಅಡಿಕೆ ಚೀಲದ ಹಿಂದೆ ಏಳೆಂಟು ಚಡ್ಡಿ ಸಿಕ್ಕಿದವು. ಅವನಪ್ಪ ಹೊಡೆದೂ ಆಯಿತು. ಇದು ಸೋಮಾರಿತನವೋ, ನಿಜಕ್ಕೂ ಗೊತ್ತಾಗುವುದಿಲ್ಲವೋ? — ತಾಯಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಜಕ್ಕೂ ಗೊತ್ತಾಗುವುದಿಲ್ಲ. ಹೊಡೆಯುವುದನ್ನು ಇವತ್ತೇ ನಿಲ್ಲಿಸಿ.

ಬರುತ್ತಿರುವುದು ಗಾಳಿಯೋ, ನೀರೋ, ಗಟ್ಟಿಯೋ ಎಂದು ನಮಗೆಲ್ಲ ತಿಳಿಯುವುದು ಮಲದ್ವಾರದ ಒಳಪದರದಲ್ಲಿರುವ ಸೂಕ್ಷ್ಮ ನರಗಳಿಂದ. ಈ ಮಕ್ಕಳಲ್ಲಿ ಹಲವರಿಗೆ ಹುಟ್ಟಿನಿಂದಲೇ ಆ ಪದರ ಇರುವುದಿಲ್ಲ. ಬೆನ್ನುಮೂಳೆಯ ಬುಡದ ತ್ರಿಕಾಸ್ಥಿ ಪೂರ್ತಿ ಬೆಳೆಯದಿದ್ದರೆ ಅಲ್ಲಿಂದ ಬರುವ ನರಗಳೂ ಕಡಿಮೆ, ಬಿಗಿ ಹಿಡಿಯುವ ಸ್ನಾಯುವೂ ಸಣ್ಣದು. 1982ರಲ್ಲಿ ಪೆನ್ಯಾ ಮತ್ತು ಡಿ ವ್ರೀಸ್ ಎಂಬ ಶಸ್ತ್ರಚಿಕಿತ್ಸಕರು ಪ್ರಕಟಿಸಿದ, ಹಿಂಭಾಗದ ನಟ್ಟನಡುವೆ ತೆರೆದು ಮಾಡುವ ಆಪರೇಷನ್ ಈಗ ಎಲ್ಲೆಡೆ ನಡೆಯುತ್ತದೆ. ಅದು ಇರುವ ಸ್ನಾಯುವಿನ ಮಧ್ಯಕ್ಕೆ ಕರುಳನ್ನು ಸರಿಯಾಗಿ ತಂದು ಕೂರಿಸುತ್ತದೆ, ಇಲ್ಲದ ನರವನ್ನು ಹುಟ್ಟಿಸುವುದಿಲ್ಲ. ವಾಸನೆಯೂ ಅವನಿಗೆ ತಿಳಿಯದು, ದಿನವಿಡೀ ಜೊತೆಗಿರುವ ವಾಸನೆಗೆ ಯಾರ ಮೂಗಾದರೂ ಒಗ್ಗಿಹೋಗುತ್ತದೆ.

ಆದರೆ ನಿಮ್ಮ ಪತ್ರದಲ್ಲಿ ಆಸೆ ಹುಟ್ಟಿಸುವ ಒಂದು ಮಾತಿದೆ: ‘ನಾಲ್ಕೈದು ಸಲ ಸ್ವಲ್ಪ ಸ್ವಲ್ಪ’. ಮಲ ಒಳಗೆ ಕಟ್ಟಿಕೊಂಡು ತುಂಬಿ ಪಕ್ಕದಿಂದ ಜಿನುಗುವಾಗ ಹೀಗಾಗುತ್ತದೆ. ಸೂರಿನ ದೋಣಿಗೆ ಎಲೆ ಕಸ ಕಟ್ಟಿಕೊಂಡರೆ ನೀರು ಅಂಚಿನಿಂದ ಇಳಿಯುವುದಿಲ್ಲವೇ, ಅದೇ ರೀತಿ. ಮನೆಯವರಿಗೆ ಇದು ಬೇಧಿಯಂತೆ ಕಾಣುತ್ತದೆ, ಬೇಧಿ ನಿಲ್ಲುವ ಮಾತ್ರೆ ಕೊಡುತ್ತಾರೆ, ಕಟ್ಟಿದ್ದು ಇನ್ನಷ್ಟು ಕಟ್ಟುತ್ತದೆ. ಹೀಗಾಗಿ ಮೊದಲ ಕೆಲಸ ಹೊಟ್ಟೆಯ ಒಂದು ಸಾದಾ ಎಕ್ಸ್-ರೇ. ಅದು ಜಿಲ್ಲಾ ಆಸ್ಪತ್ರೆಯಲ್ಲೇ ಆಗುತ್ತದೆ, ಮಲ ಎಲ್ಲಿ ಎಷ್ಟು ನಿಂತಿದೆ ಎಂದು ಅದರಲ್ಲಿ ಕಾಣುತ್ತದೆ.

ತುಂಬಿದ್ದರೆ ಮೊದಲು ಪೂರ್ತಿ ಖಾಲಿ ಮಾಡಿಸಬೇಕು. ಅದಕ್ಕೆ ಮುಂಚೆ ಯಾವ ಔಷಧಿ ಕೊಟ್ಟರೂ ಹೊಟ್ಟೆನೋವಷ್ಟೇ ಲಾಭ. ಖಾಲಿಯಾದ ಮೇಲೆ ಎರಡು ದಾರಿ. ಮೂಳೆ, ನರ, ಸ್ನಾಯು ಚೆನ್ನಾಗಿದ್ದು ಹಿಡಿತ ಬರುವ ಲಕ್ಷಣ ಇದ್ದರೆ ಕರುಳನ್ನು ಹಿಂಡಿಸುವ ಸೆನ್ನಾದಂಥ ಔಷಧಿ, ದಿನಕ್ಕೆ ಒಂದೇ ಸಲ, ಒಂದೇ ಹೊತ್ತಿಗೆ. ಪ್ರಮಾಣವನ್ನು ಎಕ್ಸ್-ರೇ ನೋಡುತ್ತ ಏರಿಸಿ ಇಳಿಸಿ ಗೊತ್ತುಮಾಡುತ್ತಾರೆ. ಮಲವನ್ನು ಬರೀ ಮೆತ್ತಗೆ ಮಾಡುವ ಪುಡಿ, ಸಿರಪ್ಪುಗಳನ್ನೇ ಈ ಮಕ್ಕಳಿಗೆ ಕೊಡುತ್ತ ಹೋಗುವುದು ನಮಗೆ ಸರಿ ಕಾಣುವುದಿಲ್ಲ. ಹಿಡಿತ ಕಡಿಮೆ ಇರುವಲ್ಲಿ ಮಲ ಮೆತ್ತಗಾದಷ್ಟೂ ಜಾರುವುದು ಹೆಚ್ಚು.

ಹಿಡಿತವೇ ಬರುವಂತಿಲ್ಲ ಎಂದಾದರೆ ದಿನಕ್ಕೊಂದು ಎನಿಮಾ, ಅಂದರೆ ಮಲದ್ವಾರದಿಂದ ನೀರು ಬಿಟ್ಟು ಕರುಳು ತೊಳೆಯುವುದು. ದೊಡ್ಡ ಕರುಳನ್ನು ಒಮ್ಮೆ ಚೆನ್ನಾಗಿ ತೊಳೆದರೆ ಅದು ಮತ್ತೆ ತುಂಬಿ ಕೆಳಗೆ ತಲುಪುವುದಕ್ಕೆ ಸುಮಾರು ಒಂದು ದಿನ ಬೇಕು. ಆ 24 ಗಂಟೆ ಚಡ್ಡಿ ಒಣಗಿರುತ್ತದೆ. ದೋಷ ಇದರಿಂದ ವಾಸಿಯಾಗುವುದಿಲ್ಲ, ಆದರೆ ಹುಡುಗ ದಿನವಿಡೀ ಚೊಕ್ಕಟವಾಗಿರುತ್ತಾನೆ. ಅವನಿಗೆ ಬೇಕಾಗಿರುವುದೂ ಅದೇ.

ಮೊದಲ ಕೆಲವು ಸಲ ಆಸ್ಪತ್ರೆಯಲ್ಲೇ ಕಲಿಯಬೇಕು. ನೀರಿನ ಪ್ರಮಾಣವನ್ನು ತೂಕ ನೋಡಿ ವೈದ್ಯರು ಹೇಳುತ್ತಾರೆ. ಈ ವಯಸ್ಸಿಗೆ ಸಾಮಾನ್ಯವಾಗಿ 400ರಿಂದ 500 ಮಿಲಿಲೀಟರಿನಿಂದ ಶುರುಮಾಡಿ ಬೇಕಾದರೆ 750ರವರೆಗೆ ಹೋಗುತ್ತಾರೆ. ಅಬ್ಬಿ ನೀರಾಗಲಿ ಬಾವಿ ನೀರಾಗಲಿ ಕುದಿಸಿ ಆರಿಸಿ, 1 ಲೀಟರಿಗೆ 9 ಗ್ರಾಂ ಉಪ್ಪು ಹಾಕಿ. 5 ಮಿಲಿಯ ಅಳತೆ ಚಮಚದಲ್ಲಿ ತಲೆ ಸವರಿದ ಒಂದೂವರೆ ಚಮಚ ಪುಡಿಯುಪ್ಪು ಅಷ್ಟಾಗುತ್ತದೆ. ಕಲ್ಲುಪ್ಪು ಬೇಡ, ಹರಳುಗಳ ನಡುವೆ ಸಂದು ಇರುವುದರಿಂದ ಚಮಚದ ಲೆಕ್ಕ ತಪ್ಪುತ್ತದೆ. ಉಪ್ಪಿಲ್ಲದ ಬರೀ ನೀರು ಹಾಕಲೇಬಾರದು. ಕರುಳು ಅದನ್ನು ಹೀರಿಕೊಂಡರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಫಿಟ್ಸ್ ಬರಬಹುದು. ಉಪ್ಪು ಹೆಚ್ಚಾದರೂ ಅಪಾಯವೇ. ಸೋಪಿನ ನೀರು ಹಳೆಯ ಪದ್ಧತಿ, ಕರುಳಿನ ಒಳಪದರವನ್ನು ಕೆರಳಿಸುತ್ತದೆ, ಬಿಟ್ಟುಬಿಡಿ. ಉಪ್ಪುನೀರೊಂದೇ ಸಾಲದಿದ್ದರೆ ವೈದ್ಯರು 10ರಿಂದ 20 ಮಿಲಿ ಗ್ಲಿಸರಿನ್ ಸೇರಿಸಲು ಹೇಳುತ್ತಾರೆ. ಮೆಡಿಕಲ್‌ನಲ್ಲಿ ಸಿಗುವ ಫಾಸ್ಫೇಟ್ ಎನಿಮಾ ಬಾಟಲಿಯನ್ನು ಕೇಳದೆ ಬಳಸಬೇಡಿ. ದಿನಕ್ಕೆ ಒಂದಕ್ಕಿಂತ ಹೆಚ್ಚಾದರೆ ರಕ್ತದ ಕ್ಯಾಲ್ಸಿಯಂ ಕುಸಿಯುತ್ತದೆ. ಕಿಡ್ನಿ ತೊಂದರೆ ಇರುವವರಿಗಂತೂ ಅದು ಬೇಡವೇ ಬೇಡ, ಮತ್ತು ಈ ಮಕ್ಕಳಲ್ಲಿ ಕಿಡ್ನಿ ತೊಂದರೆ ಅಪರೂಪವಲ್ಲ.

ನೀರು ಮೈಯ ಬಿಸಿಯಷ್ಟೇ ಇರಲಿ, ಮಣಿಕಟ್ಟಿನ ಒಳಭಾಗಕ್ಕೆ ಹಾಕಿಕೊಂಡರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನ್ನಿಸಬೇಕು. ತಣ್ಣೀರು ಹೋದರೆ ಕರುಳು ಹಿಂಡಿ ನೋವು ಬರುತ್ತದೆ. ಉಪ್ಪುನೀರು ತುಂಬಿದ ಎನಿಮಾ ಚೀಲವನ್ನು ಸೊಂಟದಿಂದ ಎರಡಡಿ ಮೇಲೆ ಗೂಟಕ್ಕೆ ನೇತುಹಾಕಿ. ಹುಡುಗ ಎಡಮಗ್ಗುಲಿಗೆ ಮಲಗಿ ಮಂಡಿ ಮಡಚಿಕೊಳ್ಳಲಿ. ಹಿಡಿತವಿಲ್ಲದ ಮಕ್ಕಳಲ್ಲಿ ಹಾಕಿದ ನೀರು ಹಾಕಿದಂತೆಯೇ ಹೊರಬರುತ್ತದೆ. ಅದಕ್ಕಾಗಿ ತುದಿಯಲ್ಲಿ ಬಲೂನ್ ಇರುವ, 22 ಅಥವಾ 24 ನಂಬರಿನ ಫೋಲಿ ಕ್ಯಾಥೆಟರ್ ಎಂಬ ಟ್ಯೂಬ್ ಬಳಸುತ್ತಾರೆ. ಜೆಲ್ಲಿ ಹಚ್ಚಿ ನಾಲ್ಕೈದು ಅಂಗುಲ ಒಳಗೆ ಸೇರಿಸಿ, ನರ್ಸ್ ತೋರಿಸಿದಷ್ಟೇ ಬಲೂನು ಉಬ್ಬಿಸಿ, ಮೆಲ್ಲಗೆ ಹಿಂದಕ್ಕೆ ಎಳೆದರೆ ಅದೇ ಬಿರಡೆಯಾಗುತ್ತದೆ. ಸಿಲಿಕೋನಿನದನ್ನೇ ಕೊಳ್ಳಿ. ಪದೇ ಪದೇ ಆಪರೇಷನ್ ಆದ ಮಕ್ಕಳಿಗೆ ರಬ್ಬರ್ ಅಲರ್ಜಿ ಬರುವ ಸಂಭವ ಹೆಚ್ಚು. ತುರುಕುವಾಗ ತಡೆದರೆ, ನೋವಾದರೆ, ರಕ್ತ ಕಂಡರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಐದರಿಂದ ಹತ್ತು ನಿಮಿಷದಲ್ಲಿ ನೀರು ಒಳಗೆ ಹೋಗಲಿ, ಮತ್ತೆ ಐದರಿಂದ ಹತ್ತು ನಿಮಿಷ ತಡೆಯಲಿ. ಆಮೇಲೆ ಬಲೂನು ಇಳಿಸಿ ಟ್ಯೂಬ್ ತೆಗೆದು 30ರಿಂದ 45 ನಿಮಿಷ ಕೂರಬೇಕು. ನಮ್ಮ ಕಡೆ ಎಲ್ಲ ಕೆಡುವುದು ಇಲ್ಲಿಯೇ. ನೆಲದ ಪಾಯಿಖಾನೆಯಲ್ಲಿ ಅಷ್ಟು ಹೊತ್ತು ಕುಕ್ಕರಗಾಲಲ್ಲಿ ಕೂತರೆ ಕಾಲು ಜೋಮು ಹಿಡಿಯುತ್ತದೆ, ಹುಡುಗ ಹತ್ತೇ ನಿಮಿಷಕ್ಕೆ ಎದ್ದುಬರುತ್ತಾನೆ, ಉಳಿದ ನೀರು ಎರಡು ಗಂಟೆ ಬಿಟ್ಟು ಹಾಸಿಗೆಯಲ್ಲಿ ಇಳಿಯುತ್ತದೆ. ಪಾಯಿಖಾನೆಯ ಮೇಲಿಡುವ ಕಮೋಡ್ ಕುರ್ಚಿ ತನ್ನಿ, ಕಾಲ ಕೆಳಗೆ ಒಂದು ಮಣೆ ಕೊಡಿ. ಕೈಗೆ ಪುಸ್ತಕವೋ ಮೊಬೈಲೋ ಏನಾದರೂ ಸಿಗಲಿ, ಈ ಒಂದು ಹೊತ್ತಿಗೆ ಮೊಬೈಲಿನ ಜಗಳ ಬೇಡ.

ಸೋರಿಕೆ ಯಾವಾಗ ಆಗುತ್ತದೆ ಎಂಬುದರಲ್ಲೇ ಕಾರಣ ಇರುತ್ತದೆ. ಎರಡು ಮೂರು ಗಂಟೆಯೊಳಗೆ ನೀರು ನೀರಾಗಿ ಬಂದರೆ ಕೂತದ್ದು ಸಾಲದು. ಮರುದಿನ ಮಧ್ಯಾಹ್ನ ಗಟ್ಟಿ ಮಲ ಬಂದರೆ ಕರುಳು ಪೂರ್ತಿ ಖಾಲಿಯಾಗಿಲ್ಲ, ನೀರನ್ನೋ ಗ್ಲಿಸರಿನ್ನನ್ನೋ ಹೆಚ್ಚಿಸಬೇಕು. ದಿನವಿಡೀ ತೆಳ್ಳಗೆ ಬರುತ್ತಿದ್ದು ಎಕ್ಸ್-ರೇಯಲ್ಲಿ ಕರುಳು ಖಾಲಿ ಇದ್ದರೆ ಅದು ಚುರುಕಾಗಿ ಓಡುವ ಕರುಳು, ಅದಕ್ಕೆ ಔಷಧಿಯೂ ಊಟವೂ ಬೇರೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಎರಡು ದಿನ ನೋಡಿ, ನೋಟ್‌ಬುಕ್ಕಿನಲ್ಲಿ ಹೊತ್ತು, ಅಳತೆ, ಕಲೆ ಬರೆದಿಡಿ. ಆ ಪುಟಗಳನ್ನು ವೈದ್ಯರಿಗೆ ತೋರಿಸಿದರೆ ಅರ್ಧ ಗಂಟೆಯ ಮಾತು ಉಳಿಯುತ್ತದೆ.

ಇನ್ನು ಅಟ್ಟದ ಚಡ್ಡಿಗಳು. ಆಷಾಢದಲ್ಲಿ ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ, ಎಲ್ಲರ ಕಣ್ಣೆದುರಿಗೆ. ಮುಚ್ಚಿಡದೆ ಅವನು ಮಾಡಬೇಕಾದರೂ ಏನು? ಹತ್ತು ಹನ್ನೆರಡು ಗಾಢ ಬಣ್ಣದ ಚಡ್ಡಿ ಕೊಡಿಸಿ. ಮುಚ್ಚಳವಿರುವ ಬಕೆಟ್ ಒಂದನ್ನು ಬಚ್ಚಲಲ್ಲಿ ಅವನಿಗೇ ಅಂತ ಇಡಿ. ಅವನು ಅದರಲ್ಲಿ ಹಾಕಲಿ, ಅದರ ಬಗ್ಗೆ ಯಾರೂ ಒಂದು ಮಾತೂ ಆಡಬಾರದು. ಅಪ್ಪ ಹೇಳಬೇಕಾದದ್ದು ಇಷ್ಟೇ: ‘ನಿನ್ನ ತಪ್ಪಲ್ಲ ಅಂತ ಈಗ ತಿಳೀತು ಕಣೋ.’

ಪ್ರಶ್ನೆ: ಮೊಮ್ಮಗಳಿಗೆ ಇದೇ ತೊಂದರೆ. ಹರಳೆಣ್ಣೆ, ಕಷಾಯ ಕೊಡಬಹುದೇ? ಹಲಸಿನ ಹಣ್ಣು, ಕೆಸು, ಬಾಳೆದಿಂಡು ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ? — ಅಜ್ಜಿ, ಸಾಗರ

ಉತ್ತರ: ಅಮ್ಮಾ, ಹರಳೆಣ್ಣೆ ಬೇಡ. ಅದರ ಹೊಡೆತ ಯಾವಾಗ ಎಷ್ಟು ಎಂದು ಹೇಳಲಾಗದು, ಕೂಸು ಕ್ಲಾಸಿನಲ್ಲಿ ಕೂತಾಗಲೇ ಕೆಲಸ ಮಾಡಬಹುದು. ಜೀರಿಗೆ ಕೊತ್ತಂಬರಿ ಕಷಾಯ ಮಿತವಾಗಿ ಕುಡಿದರೆ ತೊಂದರೆ ಇಲ್ಲ.

ಊಟ ನಿಮ್ಮ ಮೊಮ್ಮಗಳ ಕರುಳು ಯಾವ ಜಾತಿಯದು ಎಂಬುದರ ಮೇಲೆ. ಮಲ ಕಟ್ಟುವವಳಾದರೆ ಬಾಳೆದಿಂಡಿನ ಪಲ್ಯ, ಹರಿವೆ, ಬಸಳೆ, ಪಪ್ಪಾಯಿ, ಸಾಕಷ್ಟು ನೀರು ಒಳ್ಳೆಯದು. ಆದರೆ ಒಳಗೆ ತುಂಬಿಕೊಂಡಿರುವಾಗ ನಾರು ಹೆಚ್ಚಿಸಿದರೆ ಹೊಟ್ಟೆ ಉಬ್ಬರವೇ ಹೆಚ್ಚುತ್ತದೆ. ಮೊದಲು ಖಾಲಿಯಾಗಲಿ, ಆಮೇಲೆ ನಾರು. ಕರುಳಿನ ಒಂದಿಷ್ಟು ಭಾಗವನ್ನು ಕತ್ತರಿಸಿ ತೆಗೆದು ಯಾವಾಗಲೂ ತೆಳ್ಳಗೆ ಹೋಗುವವಳಾದರೆ ಲೆಕ್ಕ ತಿರುಗುಮುರುಗು: ಗಂಜಿ, ಬಿಳಿ ಅನ್ನ, ಮೊಸರು, ಬೇಯಿಸಿದ ಬಾಳೆಕಾಯಿ, ಆಲೂಗಡ್ಡೆ. ಹಲಸಿನ ಹಣ್ಣು, ಮಾವು, ಕಬ್ಬಿನ ಹಾಲು, ಬೆಲ್ಲದ ಪಾನಕ, ಎಣ್ಣೆಯಲ್ಲಿ ಕರಿದದ್ದು ಅವಳಿಗೆ ಕಷ್ಟ.

ಹಬ್ಬಕ್ಕೂ ಮದುವೆಮನೆಗೂ ‘ನಿಂಗೆ ಇದು ಬೇಡ’ ಅನ್ನುತ್ತ ಕೂರಬೇಡಿ. ರಜೆಯ ದಿನ ಮನೆಯಲ್ಲಿರುವಾಗ ಒಂದೊಂದೇ ಪದಾರ್ಥ ತಿಂದು ನೋಡಲಿ, ತನಗೆ ಯಾವುದು ಆಗದು ಎಂದು ಅವಳೇ ಕಂಡುಕೊಳ್ಳಲಿ. ಮೇ ತಿಂಗಳಲ್ಲಿ ಹಲಸಿನ ನಾಲ್ಕು ತೊಳೆ ತಿಂದು ಮರುದಿನ ಮನೆಯಲ್ಲೇ ಉಳಿಯುತ್ತೇನೆ ಎಂದರೆ ಅದೂ ಅವಳ ಲೆಕ್ಕಾಚಾರವೇ.

ಪ್ರಶ್ನೆ: ನನಗೆ 15 ವರ್ಷ. ದಿನಾ ರಾತ್ರಿ ಅಮ್ಮ ಎನಿಮಾ ಕೊಡುತ್ತಾರೆ. ಚೊಕ್ಕಟವಾಗಿದ್ದೇನೆ, ಆದರೆ ನನಗೆ ನಾಚಿಕೆಯಾಗುತ್ತದೆ. ಮುಂದಿನ ವರ್ಷ ಪಿಯುಸಿಗೆ ಶಿವಮೊಗ್ಗದ ಹಾಸ್ಟೆಲ್ ಸೇರಬೇಕು. ಅಮ್ಮ ‘ನಿನ್ನಿಂದಾಗದು, ಇಲ್ಲೇ ಓದು’ ಅನ್ನುತ್ತಾರೆ. — ಹೊಸನಗರ

ಉತ್ತರ: ನಿನ್ನಿಂದ ಆಗುತ್ತದೆ. ನಾಚಿಕೆ ಆಗಬೇಕಾದದ್ದೇ, ಈ ವಯಸ್ಸಿನಲ್ಲಿ ಇನ್ನೊಬ್ಬರ ಕೈ ಬೇಡ ಅನ್ನಿಸುವುದು ಸಹಜ. ನಿಜ ಹೇಳಬೇಕೆಂದರೆ 12–13ರ ಹೊತ್ತಿಗೇ ಇದು ನಿನ್ನ ಕೈಗೆ ಬರಬೇಕಿತ್ತು.

ಈಗಿನಿಂದಲೇ ಒಂದೊಂದೇ ಹೆಜ್ಜೆ ನಿನ್ನದಾಗಿಸಿಕೋ. ಮೊದಲ ವಾರ ಉಪ್ಪುನೀರು ಅಳೆದು ಬೆರೆಸುವುದು, ಚೀಲ ತುಂಬಿಸಿ ಟ್ಯೂಬಿನೊಳಗಿನ ಗಾಳಿ ಬಿಡುವುದು. ಆಮೇಲೆ ನೀರನ್ನು ತಡೆದು ಬಿಡುವ ಟ್ಯೂಬಿನ ಕ್ಲಿಪ್ ನೀನೇ ಹಿಡಿ. ನೋವು ಬಂದಾಗ ನಿಲ್ಲಿಸಿ, ಉಸಿರು ಎಳೆದು ಬಿಟ್ಟು, ಮತ್ತೆ ಬಿಡುವುದು ಕ್ಲಿಪ್ ಹಿಡಿದವರಿಗೆ ಮಾತ್ರ ಗೊತ್ತಾಗುವ ಕೆಲಸ. ಕೊನೆಗೆ ಟ್ಯೂಬ್ ಹಾಕಿಕೊಳ್ಳುವುದು. ಫೋಲಿ ಕಷ್ಟವಾದರೆ ಮೆತ್ತನೆಯ ಕೋನ್ ತುದಿಯ ಸೆಟ್ ಇದೆ, ಅದನ್ನು ಕೂತೇ ಒತ್ತಿಹಿಡಿಯಬಹುದು. ಅಮ್ಮ ಬಾಗಿಲಾಚೆ ಇರಲಿ. ಒಳಗಿನ ಚಿಲಕ ನೀನು ಹಾಕಿಕೋ. ಹಾಸ್ಟೆಲ್ ಸೇರುವ ಮುಂಚೆ ಒಂದೆರಡು ತಿಂಗಳಾದರೂ ಪೂರ್ತಿ ನಿನ್ನ ಕೈಯಲ್ಲೇ ನಡೆದಿರಬೇಕು.

ಇನ್ನೊಂದು ದಾರಿಯನ್ನೂ ವೈದ್ಯರ ಹತ್ತಿರ ಕೇಳು. 1990ರಲ್ಲಿ ಮ್ಯಾಲೋನ್ ಎಂಬ ಶಸ್ತ್ರಚಿಕಿತ್ಸಕರು ತೋರಿಸಿದ ಆಪರೇಷನ್ ಅದು. ಅಪೆಂಡಿಕ್ಸಿನ ತುದಿಯನ್ನು ಹೊಕ್ಕುಳಿಗೋ ಹೊಟ್ಟೆಯ ಬಲಗಡೆಗೋ ತಂದು ಸಣ್ಣ ಬಾಯಿ ಮಾಡುತ್ತಾರೆ. ಸಪೂರ ಟ್ಯೂಬನ್ನು ಅಲ್ಲಿ ಹಾಕಿ ಕಮೋಡಿನ ಮೇಲೆ ಕೂತೇ ನೀರು ಬಿಟ್ಟುಕೊಳ್ಳಬಹುದು, ನೀರು ಮೇಲಿನಿಂದ ಕೆಳಕ್ಕೆ ತೊಳೆಯುತ್ತದೆ. ಹೊಕ್ಕುಳೊಳಗೆ ಮಾಡಿದ ಬಾಯಿ ಹೊರಗಿನವರಿಗೆ ಕಾಣುವುದೇ ಇಲ್ಲ. ಇದರಿಂದ ಬದಲಾಗುವುದು ದಾರಿ ಮಾತ್ರ. ಕೆಳಗಿನಿಂದ ಕೊಟ್ಟ ಎನಿಮಾ ಯಾರಿಗೆ ಕೆಲಸ ಮಾಡಿದೆಯೋ ಅವರಿಗೇ ಇದೂ ಕೆಲಸ ಮಾಡುತ್ತದೆ, ಆ ಮಟ್ಟಿಗೆ ನಿನ್ನ ಪರೀಕ್ಷೆ ಆಗಲೇ ಪಾಸಾಗಿದೆ. ತೊಂದರೆಯೂ ಇದೆ: ದಿನಾ ಟ್ಯೂಬ್ ಹಾಕದಿದ್ದರೆ ಆ ಬಾಯಿ ಕಿರಿದಾಗುತ್ತದೆ, ಕೆಲವರಿಗೆ ಅಲ್ಲಿಂದ ಒಸರುತ್ತದೆ. ಹಿಂದಿನ ಆಪರೇಷನ್ನಿನಲ್ಲಿ ನಿನ್ನ ಅಪೆಂಡಿಕ್ಸ್ ತೆಗೆದಿದ್ದಾರೆಯೇ ಎಂದು ಹಳೆಯ ಕಾಗದ ನೋಡಿ ತಿಳಿದುಕೋ. ತೆಗೆದಿದ್ದರೂ ಕರುಳಿನ ಗೋಡೆಯಿಂದಲೇ ಅಂಥ ಕೊಳವೆ ಮಾಡುವ ವಿಧಾನ ಇದೆ.

ಹಾಸ್ಟೆಲಿನಲ್ಲಿ ಬೆಳಗಿನ ಹೊತ್ತು ಬೇಡ, ಎಲ್ಲರೂ ಬಾಗಿಲು ಬಡಿಯುತ್ತಾರೆ. ರಾತ್ರಿ ಊಟವಾಗಿ ಎಲ್ಲರೂ ಓದಲು ಕೂತ ಮೇಲಿನ ಒಂದು ಗಂಟೆ ಗೊತ್ತುಮಾಡಿಕೋ. ಬಿಸಿನೀರಿಗೆ ಕೆಟಲ್ ಇಡಲು ಹಾಸ್ಟೆಲಿನವರು ಒಪ್ಪುವುದಿಲ್ಲ, ವೈದ್ಯರ ಚೀಟಿ ಇದ್ದರೆ ಒಪ್ಪುತ್ತಾರೆ. ವಾರ್ಡನ್ ಒಬ್ಬರಿಗೆ ಮಾತ್ರ ಹೇಳಿದರೆ ಸಾಕು. ಗೆಳತಿ ಯಾರಾದರೂ ಕೇಳಿದರೆ ‘ಹುಟ್ಟಿದಾಗಿನಿಂದ ಕರುಳಿನ ತೊಂದರೆ ಇದೆ, ದಿನಾ ಚಿಕಿತ್ಸೆ ಮಾಡಿಕೋಬೇಕು’ ಎಂಬ ಒಂದು ವಾಕ್ಯ ಬಾಯಲ್ಲಿ ಸಿದ್ಧವಿರಲಿ. ಅದಕ್ಕಿಂತ ಹೆಚ್ಚು ಹೇಳುವುದು ಬಿಡುವುದು ನಿನ್ನ ಇಷ್ಟ.

ಪ್ರಶ್ನೆ: ಮಗಳಿಗೆ 14. ಹುಟ್ಟಿದಾಗ ಮಲ, ಮೂತ್ರ ಎಲ್ಲ ಒಂದೇ ದಾರಿಯಲ್ಲಿ ಇತ್ತಂತೆ, ಆಪರೇಷನ್ ಆಗಿದೆ. ಎದೆ ಬೆಳೆದು ಎರಡು ವರ್ಷವಾದರೂ ಮುಟ್ಟಾಗಿಲ್ಲ. ಆದರೆ ಮೂರು ತಿಂಗಳಿಂದ ತಿಂಗಳಿಗೆ ನಾಲ್ಕು ದಿನ ಕಿಬ್ಬೊಟ್ಟೆ ನೋವು. ಕಾಯಬಹುದೇ? — ತಂದೆ, ಸೊರಬ

ಉತ್ತರ: ಕಾಯಬೇಡಿ. ಇದೇ ವಾರ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ.

ನೀವು ಹೇಳುವ ದೋಷಕ್ಕೆ ಕ್ಲೊಯಾಕಾ ಎನ್ನುತ್ತಾರೆ. ಇಂಥ ಹುಡುಗಿಯರಲ್ಲಿ ಗರ್ಭಕೋಶ, ಯೋನಿ ಎರಡೆರಡಾಗಿರುವುದು, ಎಲ್ಲೋ ಒಂದು ಕಡೆ ಮುಚ್ಚಿಕೊಂಡಿರುವುದು ಸಾಮಾನ್ಯ. ಮುಟ್ಟು ಒಳಗೇ ಆಗುತ್ತಿದ್ದು ರಕ್ತ ಹೊರಬರಲು ದಾರಿಯಿಲ್ಲದಿದ್ದರೆ ತಿಂಗಳು ತಿಂಗಳೂ ಇದೇ ನೋವು. ತಡವಾದಷ್ಟೂ ಗರ್ಭಕೋಶ, ನಳಿಕೆಗಳಿಗೆ ಹಾನಿ. ಇದನ್ನು ಅಪೆಂಡಿಸೈಟಿಸ್ ಎಂದೋ ಮೂತ್ರದ ಸೋಂಕು ಎಂದೋ ತಪ್ಪು ತಿಳಿಯುವುದುಂಟು, ಆದ್ದರಿಂದ ಹುಟ್ಟಿನ ದೋಷದ ಮಾತನ್ನು ವೈದ್ಯರಿಗೆ ಮೊದಲೇ ಹೇಳಿ. ತಡೆ ಕಂಡುಬಂದರೆ ಸಿಕ್ಕಸಿಕ್ಕಲ್ಲಿ ಕೊಯ್ದು ಬಿಡಿಸುವುದು ಬೇಡ. ಮಕ್ಕಳ ಶಸ್ತ್ರಚಿಕಿತ್ಸಕರು, ಸ್ತ್ರೀರೋಗ ತಜ್ಞರು ಇಬ್ಬರೂ ಇರುವ ಬೆಂಗಳೂರು ಅಥವಾ ಮಣಿಪಾಲದಂಥ ಕಡೆ ಹೋಗಿ. ಆಯುಷ್ಮಾನ್ ಕಾರ್ಡು, ರೇಷನ್ ಕಾರ್ಡು ಜೊತೆಗಿರಲಿ, ರೆಫರಲ್ ಪತ್ರವನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಕೇಳಬಹುದು.

ಉಳಿದ ತಾಯಂದಿರಿಗೂ ಒಂದು ಮಾತು. ಮಲದ್ವಾರದ ದೋಷದೊಂದಿಗೆ ಹುಟ್ಟಿದ ಹೆಣ್ಣುಮಕ್ಕಳಿಗೆ ಎದೆ ಬೆಳೆಯಲು ಶುರುವಾಗಿ ಆರು ತಿಂಗಳಿಗೆ ಒಂದು ಅಲ್ಟ್ರಾಸೌಂಡ್ ಆಗಲಿ. ಮುಟ್ಟಾಗುತ್ತಿದ್ದರೂ ನೋವು ತಿಂಗಳಿನಿಂದ ತಿಂಗಳಿಗೆ ಏರುತ್ತಿದ್ದರೆ ಎರಡರಲ್ಲಿ ಒಂದು ಕಡೆ ಮುಚ್ಚಿರಬಹುದು.

ಪ್ರಶ್ನೆ: ಹರ್ಷ್‌ಸ್ಪ್ರಂಗ್ ಆಪರೇಷನ್ ಆಗಿದೆ, ಈಗ 17. ವಾಲಿಬಾಲ್ ಆಡುತ್ತೇನೆ. ಆಗಾಗ ಹೊಟ್ಟೆ ಉಬ್ಬಿ, ಕೆಟ್ಟ ವಾಸನೆಯ ಬೇಧಿ ಆಗುತ್ತದೆ. ಮೆಡಿಕಲ್‌ನವರು ಬೇಧಿ ಮಾತ್ರೆ ಕೊಟ್ಟಿದ್ದಾರೆ. — ಕೊಪ್ಪ

ಉತ್ತರ: ಹೊಟ್ಟೆ ಉಬ್ಬಿರುವಾಗ ಆ ಮಾತ್ರೆ ನುಂಗಬೇಡ. ಉಬ್ಬರ, ರಭಸದ ನಾರುವ ಬೇಧಿ, ಜ್ವರ ಮೂರೂ ಸೇರಿದರೆ ಅದು ಎಂಟರೊಕೊಲೈಟಿಸ್ ಎಂಬ ಕರುಳಿನ ಸೋಂಕು ಇರಬಹುದು. ಮಲ ನಿಂತು ಅಲ್ಲಿ ರೋಗಾಣು ಬೆಳೆದು ಹೀಗಾಗುತ್ತದೆ. ಬೇಧಿ ನಿಲ್ಲಿಸಿದರೆ ವಿಷ ಒಳಗೇ ಉಳಿಯುತ್ತದೆ. ಇದು ಚಿಕ್ಕ ಮಕ್ಕಳಲ್ಲಿ ಹೆಚ್ಚು, ದೊಡ್ಡವರಲ್ಲಿ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಜ್ವರ, ವಾಂತಿ, ಸುಸ್ತು ಇದ್ದರೆ ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಟ್ಯೂಬಿನಿಂದ ಉಪ್ಪುನೀರು ಬಿಟ್ಟು ಕರುಳು ತೊಳೆಯುತ್ತಾರೆ, ಆಂಟಿಬಯೋಟಿಕ್, ಡ್ರಿಪ್ ಕೊಡುತ್ತಾರೆ. ಮತ್ತೆ ಮತ್ತೆ ಬರುತ್ತಿದ್ದರೆ ಜೋಡಿಸಿದ ಜಾಗ ಕಿರಿದಾಗಿದೆಯೇ, ನರಕೋಶವಿಲ್ಲದ ತುಂಡು ಉಳಿದಿದೆಯೇ ಎಂದು ನೋಡಿಸು. ವಾಲಿಬಾಲ್ ಬಿಡಬೇಡ. ದೊಡ್ಡ ಕರುಳು ಹೆಚ್ಚು ತೆಗೆದಿದ್ದರೆ ಮೈಯಿಂದ ನೀರಿನ ಜೊತೆ ಉಪ್ಪೂ ಬೇಗ ಹೋಗುತ್ತದೆ, ಆಟದ ದಿನ ಬಾಟಲಿಯಲ್ಲಿ ಓಆರ್‌ಎಸ್ ಇಟ್ಟುಕೋ.

ಪ್ರಶ್ನೆ: ನನ್ನ ತರಗತಿಯಲ್ಲಿ ಇಂಥ ಹುಡುಗನೊಬ್ಬ ಇದ್ದಾನೆ. ಶಾಲೆಯಲ್ಲಿ ನಾವು ಏನು ಮಾಡಬಹುದು? — ಹೈಸ್ಕೂಲ್ ಶಿಕ್ಷಕಿ

ಉತ್ತರ: ಕೇಳದೆಯೇ ಎದ್ದುಹೋಗುವ ಅನುಮತಿ ಕೊಡಿ, ಬಾಗಿಲ ಹತ್ತಿರದ ಬೆಂಚು ಕೊಡಿ. ಸಿಬ್ಬಂದಿಯ ಶೌಚಾಲಯದ ಬೀಗದ ಕೈ ಒಂದು ಅವನ ಬಳಿ ಇರಲಿ, ಅಲ್ಲಿ ಬಕೆಟ್ ನೀರು ಇದೆಯೇ ಎಂದು ನೋಡಿಕೊಳ್ಳಿ. ಕಚೇರಿಯ ಕಪಾಟಿನಲ್ಲಿ ಅವನ ಒಂದು ಜೊತೆ ಬಟ್ಟೆ ಇಟ್ಟುಕೊಳ್ಳಿ. ಚರ್ಮ ಕೆಂಪಾದರೆ ಉಜ್ಜದೆ ನೀರಿನಲ್ಲಿ ತೊಳೆದು ಒತ್ತಿ ಒರೆಸಿ ಜಿಂಕ್ ಆಕ್ಸೈಡ್ ಮುಲಾಮು ದಪ್ಪಗೆ ಹಚ್ಚಿಕೊಳ್ಳುವುದು ಅವನಿಗೆ ಗೊತ್ತಿರುತ್ತದೆ, ಜಾಗ ಮಾತ್ರ ಬೇಕು. ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ‘ಇವನನ್ನು ಯಾರೂ ಹಂಗಿಸಬಾರದು’ ಎಂದು ಹೇಳುವ ಉಪಕಾರ ಖಂಡಿತ ಬೇಡ. ಹಂಗಿಸಿದವನನ್ನು ಒಬ್ಬನನ್ನೇ ಕರೆದು ಮಾತಾಡಿ. ಊಟ ಬಿಡುತ್ತಿದ್ದಾನೆಯೇ ಗಮನಿಸಿ, ಸೋರಿಕೆಗೆ ಹೆದರಿ ಹಸಿದೇ ಇರುವ ಮಕ್ಕಳು ತುಂಬ. ಆಟ ಬಿಟ್ಟು, ಮಾತು ಬಿಟ್ಟು, ‘ನಾನಿಲ್ಲದಿದ್ದರೇ ಒಳ್ಳೆಯದು’ ಎಂಬಂಥ ಮಾತು ಬಂದರೆ ಆ ದಿನವೇ ಮನೆಯವರ ಜೊತೆ ಕೂತು ಮಾತಾಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಇರುವುದೂ ಈ ವಯಸ್ಸಿನವರಿಗಾಗಿಯೇ.

ಪ್ರಶ್ನೆ: ನಾನು ಹುಡುಗ, 16. ಮದುವೆ, ಮಕ್ಕಳು ನನಗೆ ಆಗುತ್ತದಾ? ಯಾರನ್ನೂ ಕೇಳಲು ಆಗುತ್ತಿಲ್ಲ. — ಹೆಸರು, ಊರು ಬೇಡ

ಉತ್ತರ: ಹೆಚ್ಚಿನವರಿಗೆ ಆಗುತ್ತದೆ. ನಿನ್ನ ವಿಷಯದಲ್ಲಿ ಖಚಿತವಾಗಿ ಹೇಳಲು ನಿನ್ನ ದೋಷ ಯಾವ ಬಗೆಯದು ಎಂದು ಗೊತ್ತಾಗಬೇಕು. ಗಂಡುಮಕ್ಕಳಲ್ಲಿ ಕರುಳು ಮೂತ್ರನಾಳಕ್ಕೆ ಕೂಡಿಕೊಂಡಿರುವುದೇ ಹೆಚ್ಚು. ಎಷ್ಟು ಮೇಲೆ ಕೂಡಿತ್ತೋ ಅಷ್ಟು ಆ ಭಾಗದ ನರ, ವೀರ್ಯನಾಳಗಳಿಗೆ ತೊಂದರೆಯ ಸಾಧ್ಯತೆ. ನಿಮಿರುವಿಕೆ ಸರಿಯಾಗಿದೆಯೇ, ವೀರ್ಯ ಹೊರಬರುತ್ತದೆಯೇ, ವೃಷಣದಲ್ಲಿ ಪದೇ ಪದೇ ಊತ ನೋವು ಬರುತ್ತದೆಯೇ, ಮೂತ್ರ ಮಾಡಿದ ಮೇಲೂ ತೊಟ್ಟಿಕ್ಕುತ್ತದೆಯೇ? ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಮೂತ್ರಾಂಗ ತಜ್ಞರ ಕೈಗೆ ಕೊಡು, ಬಾಯಿಬಿಟ್ಟು ಹೇಳುವ ಕಷ್ಟ ತಪ್ಪುತ್ತದೆ. ಅಪ್ಪ ಅಮ್ಮ ಹೊರಗೆ ಕೂರಲಿ ಎಂದು ಕೇಳಿಕೊಳ್ಳಬಹುದು, ಯಾವ ವೈದ್ಯರೂ ಬೇಡ ಅನ್ನುವುದಿಲ್ಲ.

ಅದೇ ಸಲ ಬಿಪಿ, ಮೂತ್ರ ಪರೀಕ್ಷೆ, ರಕ್ತದ ಕ್ರಿಯಾಟಿನಿನ್, ಕಿಡ್ನಿಯ ಸ್ಕ್ಯಾನ್ ಮಾಡಿಸಿಕೋ, ಇವು ವರ್ಷಕ್ಕೊಮ್ಮೆ ಬೇಕು. ಎತ್ತರ ಬೆಳೆಯುತ್ತಿರುವ ಈ ಸಮಯದಲ್ಲಿ ಕಾಲುನೋವು, ನಡಿಗೆಯಲ್ಲಿ ವ್ಯತ್ಯಾಸ, ಹೊಸದಾಗಿ ಮೂತ್ರ ಸೋರುವುದು ಕಂಡರೆ ಬೆನ್ನುಹುರಿ ಕೆಳಗೆ ಅಂಟಿಕೊಂಡಿದೆಯೇ ಎಂದು ಎಂಆರ್‌ಐ ಮಾಡಿಸಬೇಕಾದೀತು. ಹುಟ್ಟಿದಾಗಿನ ಆಪರೇಷನ್ ಕಾಗದಗಳು ಮನೆಯಲ್ಲಿ ಎಲ್ಲಿವೆ ಎಂದು ಈಗಲೇ ಹುಡುಕು. ಮಲೆನಾಡಿನ ಟ್ರಂಕಿನಲ್ಲಿ ಹದಿನಾರು ಮಳೆಗಾಲ ಕಳೆದ ಕಾಗದಕ್ಕೆ ಬೂಸ್ಟೋ ಗೆದ್ದಲೋ ಹಿಡಿದಿರುತ್ತದೆ. ಓದಲು ಬರುವಷ್ಟನ್ನು ಫೋಟೋ ತೆಗೆದು ನಿನ್ನ ಇಮೇಲಿಗೆ ಹಾಕಿಟ್ಟುಕೋ. ಸಿಗದಿದ್ದರೆ ಆಪರೇಷನ್ ಆದ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಹುಟ್ಟಿದ ದಿನಾಂಕ, ತಾಯಿಯ ಹೆಸರು ಕೊಟ್ಟು ಅರ್ಜಿ ಹಾಕಿ ನಕಲು ಕೇಳು.